ಒಪ್ಪಿಗೆ ಇದ್ದರೆ ಯೆಸ್ ಎಂದು ಕಳಿಸಿ

ಫೋನಿನ ಅಂಗಡಿಯಲ್ಲಿ ಕೆಲಸ ಮಾಡುವವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಾ ಬೆಳಿಗ್ಗೆ ಹತ್ತಕ್ಕೆ ತಾನೇ ಬಾಗಿಲು ತಳ್ಳಿಕೊಂಡು ಬರುತ್ತದೆ, ಟೋಕನ್ ಹರಿದುಕೊಳ್ಳುತ್ತದೆ, ನನ್ನೆದುರು ಕೂತು ಬಿಲ್ಲು ಬಿಚ್ಚುತ್ತದೆ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಸದಾಶಿವ ಪೇಠದಲ್ಲಿ ಒಂದು ಮೊಬೈಲ್ ಕಂಪನಿಯ ಅಂಗಡಿಯಲ್ಲಿ ಮೂರನೇ ಕೌಂಟರು ನನ್ನದು. ವಿದೇಶಕ್ಕೆ ಹೋಗುವವರ ಫೋನಿಗೆ ರೋಮಿಂಗ್ ಹಾಕಿಕೊಡುವುದು, ಹೋಗಿಬಂದವರ ಬೈಗುಳ ಕೇಳುವುದು, ಎರಡೂ ನನ್ನ ಪಾಲಿನ ಕೆಲಸ. ಮೊದಲೆಲ್ಲ ಜನ ಅಳುತ್ತ ಬರುತ್ತಿದ್ದರು. ನಾಲ್ಕು ದಿನ ತಿರುಗಾಡಿ ಬಂದರೆ ವಿಮಾನದ ಟಿಕೆಟ್ಟಿಗಿಂತ ಫೋನಿನ ಬಿಲ್ಲೇ ದೊಡ್ಡದಾಗಿರುತ್ತಿತ್ತು. ಆಮೇಲೆ ನಿಯಮ ಬಂತು. ಗಿರಾಕಿ ತಾನಾಗಿ ಒಪ್ಪಿಗೆ ಕೊಡದೆ ರೋಮಿಂಗ್ ಶುರು ಮಾಡುವಂತಿಲ್ಲ. ಪ್ಯಾಕು ಅರ್ಧ ಮುಗಿದಾಗ ಒಂದು ಮೆಸೇಜು, ಮುಗಿಯಲು ಬಂದಾಗ ಇನ್ನೊಂದು; ಪೂರ್ತಿ ಮುಗಿದರೆ ಅಲ್ಲಿಗೇ ಬಂದ್. ಮತ್ತೆ ಒಪ್ಪಿಗೆ ಕೇಳಿದ ಮೇಲೆಯೇ ಮುಂದಿನ ಮಾತು. ಈಗ ಯಾರೂ ಅಳುವುದಿಲ್ಲ, ಜಗಳಾಡುತ್ತಾರೆ.

ಈ ಪ್ರಸಂಗಗಳೆಲ್ಲ ನಡೆದದ್ದು ಒಂದೇ ತಿಂಗಳಲ್ಲಿ. ಆ ತಿಂಗಳು ನಾನು ಕುರ್ಚಿಯಲ್ಲಿ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಮಗಳನ್ನು ನೋಡಿಹೋಗಿದ್ದರು. ಕಾತ್ರಜದಲ್ಲಿ ನೀರಿನ ಪಂಪು, ಮೋಟಾರು ಮಾರುವ ಅಂಗಡಿಯವರು, ಮೂಲ ಬಾಗಲಕೋಟೆ. ಹುಡುಗ ಮಾತಿನಲ್ಲಿ ಹಗುರ, ಕೆಲಸದಲ್ಲಿ ಗಟ್ಟಿ. ಮಗಳಿಗೆ ಹಿಡಿಸಿದ್ದ. ಅವನಿಗೂ ಇವಳು ಹಿಡಿಸಿದ್ದಾಳೆ ಎಂದು ಇಬ್ಬರೂ ಮೆಸೇಜಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು. "ಆದರ ಅವರವ್ವ ಹೂಂ ಅನ್ನೂ ತನಕ ಅದು ಹೂಂ ಅಲ್ಲಂತ ಅವ್ವಾ" ಎಂದಳು ಮಗಳು. ಆ ಅವ್ವ ಹೋಗುವಾಗ ಹೊಸ್ತಿಲ ಮೇಲೆ ನಿಂತು "ಹೇಳಿ ಕಳಸ್ತೇವ್ರಿ" ಎಂದಿದ್ದರು, ಅಷ್ಟೇ.

ಹೇಳಿ ಕಳಿಸಲಿಲ್ಲ. ನಾವಾಗಿ ಕೇಳುವಂತಿಲ್ಲ, ಹೆಣ್ಣಿನ ಕಡೆಯವರು ಆತುರ ತೋರಿಸಬಾರದು ಎನ್ನುವುದು ನಮ್ಮ ಯಜಮಾನರ ಕಟ್ಟಪ್ಪಣೆ. ನನಗೋ ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇಲ್ಲ. ಅಂಗಡಿಯಲ್ಲಿ ನೀರು ಕುಡಿಯಲು ಏಳುವುದು, ಕುಡಿದು ಬಂದು ಕೂರುವುದು, ಫೋನು ನೋಡುವುದು, ಮತ್ತೆ ಏಳುವುದು. ನಮ್ಮ ಮ್ಯಾನೇಜರ್ ಬೆಂಗಳೂರಿನ ಹುಡುಗ. "ಮೇಡಂ, ಸ್ವಲ್ಪ ಕೂತ್ಕೊಳ್ಳಿ ಪ್ಲೀಸ್. ನಿಮ್ಮನ್ನ ನೋಡಿ ಕಸ್ಟಮರ್ಸೂ ನಿಂತ್ಕೋತಿದಾರೆ" ಎಂದ ಒಂದು ದಿನ. ತಿರುಗಿ ನೋಡಿದೆ. ಕೌಂಟರಿನ ಮುಂದಿದ್ದ ಮೂವರೂ ಯಾಕೆಂದು ತಿಳಿಯದೆ ಎದ್ದು ನಿಂತಿದ್ದರು.

೧. ಎತ್ತಬ್ಯಾಡ

ಕಲಬುರಗಿ ಕಡೆಯ ಒಬ್ಬ ಸೆಂಟ್ರಿಂಗ್ ಮೇಸ್ತ್ರಿ. ಇಲ್ಲೇ ಕಟ್ಟಡಗಳ ಕೆಲಸ ಮಾಡಿಸುತ್ತಿದ್ದವನನ್ನು ಕಂಪನಿಯವರು ಎರಡು ತಿಂಗಳಿಗೆ ದುಬೈಗೆ ಕಳಿಸಿದರು. ಹುಷಾರಿ ಮನುಷ್ಯ. ಹೋಗುವ ಮುಂಚೆ ಹೆಂಡತಿಗೆ ಮಿಸ್ ಕಾಲಿನ ಪಾಠ ಹೇಳಿಕೊಟ್ಟಿದ್ದ. ಒಂದು ಮಿಸ್ ಕಾಲ್ ಬಂದರೆ ಮುಟ್ಟಿದೆ ಎಂದರ್ಥ, ಎರಡು ಬಂದರೆ ಊಟವಾಯಿತು, ಮೂರು ಬಂದರೆ ರೊಕ್ಕ ಕಳಿಸಿದ್ದೇನೆ.

ಆ ಹೆಣ್ಣುಮಗಳಿಗೆ ಪಾಠ ಬಾಯಿಪಾಠವಾಗಿತ್ತು. ಆದರೆ ಗಂಡನ ಫೋನು ಮೊದಲನೇ ರಿಂಗಿಗೇ ಎತ್ತದಿದ್ದರೆ ಬೈಸಿಕೊಳ್ಳುವ ರೂಢಿ ಹದಿನೈದು ವರ್ಷದ್ದು. ಅವನು ಮುಟ್ಟಿದ ಕೂಡಲೇ ಒಂದು ರಿಂಗು ಕೊಟ್ಟ. ಇವಳು ಎತ್ತಿ "ಹಲೋ" ಎಂದಳು. ಅವನು ಗಾಬರಿಯಾಗಿ ಕಟ್ ಮಾಡಿದ. ಪಾಪ, ಲೈನು ಕಟ್ ಆಯಿತು ಎಂದು ಇವಳೇ ತಿರುಗಿ ಮಾಡಿದಳು. ಅವನು ಎತ್ತಲಿಲ್ಲ. ಮರುಭೂಮಿಯಲ್ಲಿ ಏನಾಯಿತೋ ಎಂದು ಮತ್ತೆ ಮಾಡಿದಳು. ಕೊನೆಗೆ ಎತ್ತಿದ. ಮಿಸ್ ಕಾಲ್ ಎಂದರೇನು, ಅದನ್ನು ಯಾಕೆ ಎತ್ತಬಾರದು, ಎತ್ತಿದರೆ ಅಲ್ಲಿ ತನಗೆಷ್ಟು ಬೀಳುತ್ತದೆ, ಇಲ್ಲಿ ಅವಳಿಗೆಷ್ಟು ಬೀಳುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದ. ಹೀಗೆ ಎಂಟು ದಿನ ದಿನಾ ವಿವರಿಸಿದ್ದಾನೆ.

ಬಿಲ್ಲು ಹಿಡಿದುಕೊಂಡು ಅವಳು ನನ್ನ ಮುಂದೆ ಕೂತಳು. "ಇಷ್ಟ್ಯಾಂಗ ಬಂತ್ರಿ ಅಕ್ಕಾರ?"

"ನಿಮ್ಮ ಯಜಮಾನ್ರ ಜೋಡಿ ಮಾತಾಡೀರಲ್ಲವಾ, ಅದರದು."

ಅವಳು ಮುಖ ಸಣ್ಣದು ಮಾಡಿದಳು. "ಅವರು ಮಾತೆಲ್ಲಿ ಆಡ್ಯಾರ್ರಿ? ಬರೇ ಬೈದಾರ. ಬೈದದ್ದಕ್ಕೂ ರೊಕ್ಕ ಹಿಡೀತೀರೇನ್ರಿ?"

೨. ಒಂದರಿಂದ ನಾಲ್ಕು

ನಮ್ಮ ಪೇಠದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾವ ಹಳೆಯ ಅಂಗಡಿಯ ಬಾಗಿಲನ್ನೂ ಬಡಿಯಬಾರದು. ಒಳಗೆ ಮಾಲೀಕರು ಮಲಗಿರುತ್ತಾರೆ, ಹೊರಗೆ ಅವರು ಮಲಗಿದ್ದಾರೆಂಬ ಬೋರ್ಡು ಎಚ್ಚರವಾಗಿರುತ್ತದೆ. ಅಂಥ ಅಂಗಡಿಯೊಂದರ ಹಿರಿಯರು, ಮರಾಠಿ ಮಂದಿ, ಜೀವನದಲ್ಲಿ ಮೊದಲ ಸಲ ಸಿಂಗಾಪುರಕ್ಕೆ ಹೊರಟರು. ದಿನಕ್ಕಿಷ್ಟು ಎನ್ನುವ ಪ್ಯಾಕು ತೋರಿಸಿದೆ. ಕನ್ನಡಕ ಒರೆಸಿಕೊಂಡು ನಿಯಮಗಳನ್ನೆಲ್ಲ ಓದಿದರು. ಸಣ್ಣ ಅಕ್ಷರಗಳನ್ನು ಎರಡು ಸಲ ಓದಿದರು. ನಾನು ಅಷ್ಟರಲ್ಲಿ ನಾಲ್ಕು ಸಲ ಎದ್ದು ಕೂತಿದ್ದೆ.

"ದಿನ ಅಂದರೆ ಎಷ್ಟು ಗಂಟೆ?" ಎಂದು ಕೇಳಿದರು, ಮರಾಠಿಯಲ್ಲಿ.

"ಇಪ್ಪತ್ನಾಲ್ಕು, ಕಾಕಾ."

"ರಾತ್ರಿ ಎಂಟು ಗಂಟೆ ನಾನು ಮಲಗುತ್ತೇನೆ. ಮಧ್ಯಾಹ್ನ ಮೂರು ಗಂಟೆ ಮಲಗುತ್ತೇನೆ. ಎಚ್ಚರ ಇರುವುದು ಹದಿಮೂರು. ಹದಿಮೂರಕ್ಕೆ ಎಷ್ಟಾಗುತ್ತದೋ ಅಷ್ಟು ಹೇಳಿ."

ಹಾಗೆ ಬರುವುದಿಲ್ಲ ಎಂದೆ. ಗಿರಾಕಿಯ ಹಿತಕ್ಕಾಗಿ ನಿಯಮ ಬಂದಿದೆ ಎಂದು ನೀವೇ ಹೇಳುತ್ತೀರಿ, ನಿದ್ದೆ ಗಿರಾಕಿಯ ಹಿತವಲ್ಲವೇ ಎಂದು ಕೇಳಿದರು. ಇಲ್ಲಿ ಒಂದು ಗಂಟೆಯಾದರೆ ಅಲ್ಲಿ ಮೂರೂವರೆಯಾಗಿರುತ್ತದೆ ಕಾಕಾ, ನಿಮ್ಮ ನಿದ್ದೆ ಯಾವ ಲೆಕ್ಕಕ್ಕೆ ಎಂದೆ. "ನನ್ನ ನಿದ್ದೆ ಪುಣೆಯ ವೇಳೆಗೆ" ಎಂದರು, ಮುಂದಿನ ಮಾತಿಗೆ ಅವಕಾಶ ಕೊಡದ ಧಾಟಿಯಲ್ಲಿ. ಕೊನೆಗೆ ಪ್ಯಾಕು ತೆಗೆದುಕೊಂಡರು, ತಾವು ಸೋತಿಲ್ಲ ಎನ್ನುವ ಮುಖ ಮಾಡಿಕೊಂಡು ಹೋದರು.

ಹತ್ತು ದಿನದ ಮೇಲೆ ರಸ್ತೆಯಲ್ಲಿ ಸಿಕ್ಕರು. ಸಿಂಗಾಪುರ ಹೇಗಿತ್ತು ಎಂದು ಕೇಳಿದೆ.

"ಚೆನ್ನಾಗಿದೆ. ಮೂರೂವರೆಯಿಂದ ಆರೂವರೆವರೆಗೆ ಹೇಗಿರುತ್ತದೋ ಗೊತ್ತಿಲ್ಲ."

೩. ನಿಂತ ಆರತಿ

ಈ ಪ್ರಸಂಗದ ದಿನ ನನ್ನ ತಲೆ ಪೂರ್ತಿ ಕೆಟ್ಟಿತ್ತು. ನೋಡಿಹೋಗಿ ಹದಿನಾಲ್ಕು ದಿನವಾಗಿತ್ತು. ಮಗಳು ಊಟ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಅವಳು ಏನೂ ಹೇಳುವುದಿಲ್ಲ, ಅದೇ ಕಷ್ಟ. ಬಾಯಿ ಬಿಟ್ಟು ಅತ್ತರೆ ನಾನೂ ಜೊತೆಗೆ ಅತ್ತು ಹಗುರಾಗಬಹುದಿತ್ತು.

ನಮ್ಮ ಓಣಿಯ ಭಜನಿ ಮಂಡಳಿಯ ಎಂಟು ಮಂದಿ ಕನ್ನಡದ ಹೆಂಗಸರು ಹಿಂದಿನ ವಾರ ನೇಪಾಳಕ್ಕೆ ಹೊರಟಿದ್ದರು. ರೋಮಿಂಗ್ ಹಾಕಿಸಬೇಕು ಎಂದಾಗ ಅವರ ಮುಖಂಡರಾದ ಅಜ್ಜಿಯಂಥವರು ನನ್ನ ಮೇಲೇ ಬಂದರು.

"ನೇಪಾಳ ಯಾವಾಗ ಫಾರಿನ್ ಆತು? ಪಾಸ್‌ಪೋರ್ಟ್ ಕೇಳಂಗಿಲ್ಲ, ಏನಿಲ್ಲ. ಪಶುಪತಿನಾಥ ನಮ್ಮ ದೇವರಲ್ಲೇನು?"

"ದೇವರು ನಮ್ಮಾವನ ಹೌದ್ರಿ, ಅಮ್ಮಾ. ಟವರ್ ಅವರದು" ಎಂದೆ.

ಇದು ಅವರಿಗೆ ಒಪ್ಪಿಗೆಯಾಗಲಿಲ್ಲವಾದರೂ ಒಬ್ಬರ ಫೋನಿಗೆ ಮಾತ್ರ ಸಣ್ಣ ಪ್ಯಾಕು ಹಾಕಿಸಿದರು. ಗುಡಿಯ ಹೊರಗೆ ನಿಂತು, ಹೊಳೆಯ ದಂಡೆಯ ಆರತಿಯನ್ನು ವಿಡಿಯೋದಲ್ಲಿ ನೇರವಾಗಿ ಆ ಫೋನಿನವರ ಮನೆಗೆ ತೋರಿಸಿದರು. ಮನೆಯಲ್ಲಿ ಅತ್ತೆ, ಮೈದುನರು, ನೆಗೆಣ್ಣಿಯರು, ನೆರೆಯವರು ಸೇರಿ ಹದಿನೈದು ಜನ ಟಿವಿಗೆ ಫೋನು ಜೋಡಿಸಿ, ಕೈಮುಗಿದು ನಿಂತಿದ್ದರು. ಆರತಿ ಮೇಲೆ ಹೋಯಿತು, ಬಲಕ್ಕೆ ಬಂತು, ಅಲ್ಲಿಗೆ ಪ್ಯಾಕು ಮುಗಿಯಿತು. ನಿಯಮದ ಪ್ರಕಾರ ಬಂದ್. ಟಿವಿಯ ಮೇಲೆ ದೀಪ ಎತ್ತಿದ ಕೈ ಹಾಗೇ ನಿಂತಿತು.

ಆರತಿ ನಡೆದಾಗ ಕೂರುವಂತಿಲ್ಲ ಎಂದರು ಮನೆಯ ಹಿರಿಯ ಅತ್ತೆ. ಆರತಿ ಮುಗಿದಿಲ್ಲವಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಒಬ್ಬ ಮೈದುನ ಮೊಣಕಾಲು ನೋವು ಎಂದು ಗೋಡೆಗೆ ಆತುಕೊಂಡು ಬೈಸಿಕೊಂಡ. ಕುಕ್ಕರು ಒಳಗೆ ಕೂಗುತ್ತಲೇ ಇತ್ತು, ಬಂದ್ ಮಾಡಲು ಯಾರಿಗೂ ಬಿಡುಗಡೆಯಿಲ್ಲ. ಅರ್ಧ ಗಂಟೆಯ ಮೇಲೆ ಆ ಮನೆಯ ಸೊಸೆಯೊಬ್ಬಳು ನನಗೆ ಫೋನು ಮಾಡಿ ಪಿಸುಗುಟ್ಟಿದಳು: "ಅಕ್ಕಾರ, ನಿಮ್ಮ ಕಂಪನಿಯವರಿಗೆ ಹೇಳಿ ಆ ದೀಪ ಎಡಗಡೆ ಒಂದೀಟು ತಿರುಗಸ್ರಿ. ಅನ್ನ ಸೀದು ಹೊಂಟದ."

೪. ನಾನ ಕಳಿಸೇನಿ ಅಂತ ತಿಳೀರಿ

ಮರುದಿನ ತಲೆ ಎತ್ತಿದರೆ ಎದುರಿಗೆ ಕಾತ್ರಜದ ಅಕ್ಕಾರು ಕೂತಿದ್ದರು. ಹುಡುಗನ ತಾಯಿ. ನಾನು ಎದ್ದೆ, ಕೂತೆ, ಮತ್ತೆ ಎದ್ದು ನೀರು ತಂದುಕೊಟ್ಟೆ.

"ನಾವಿಬ್ಬರೂ ಯುರೋಪ್ ಟೂರಿಗೆ ಹೊಂಟೇವ್ರಿ. ಹನ್ನೆರಡು ದಿನ. ನೀವು ಇಲ್ಲೇ ಇರ್ತೀರಂತ ಗೊತ್ತಿತ್ತು, ಅದಕ್ಕ ಬಂದೆ" ಎಂದರು.

ಮಗಳ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಹಾಸಿಗೆ ಇದ್ದಷ್ಟೇ ಕಾಲು ಚಾಚುವ ವ್ಯಾಪಾರಸ್ಥರ ಮನೆಯವರು, ಎಲ್ಲಕ್ಕಿಂತ ಸಣ್ಣ ಪ್ಯಾಕನ್ನೇ ಬೆರಳಿಟ್ಟು ತೋರಿಸಿದರು. ದೊಡ್ಡದು ತಗೊಳ್ಳಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಹೆಣ್ಣಿನ ತಾಯಿ ಖರ್ಚಿನ ಕೈಯವಳು ಎಂದುಕೊಂಡರೆ? ಬದಲಿಗೆ, ನನ್ನ ಕಡೆಯಿಂದ ಇರಲಿ ಎಂದು ಒಂದು ಉಪಚಾರ ಮಾಡಿದೆ. ಅವರ ಫೋನಿಗೆ ಕಂಪನಿಯ ಮೆಸೇಜುಗಳು ಕನ್ನಡದಲ್ಲೇ ಬರುವಂತೆ ಬದಲಾಯಿಸಿಕೊಟ್ಟೆ.

"ಅಕ್ಕಾರ, ಪ್ಯಾಕ್ ಮುಗದ್ರ ಮೆಸೇಜ್ ಬರ್ತದ್ರಿ. ಕನ್ನಡದಾಗ ಬರೂಹಂಗ ಮಾಡೇನಿ. ಏನ ಬಂದ್ರೂ ನಾನ ಕಳಿಸೇನಿ ಅಂತ ತಿಳೀರಿ. ಗಾಬರಿ ಆಗಬ್ಯಾಡ್ರಿ, ಉತ್ತರ ಕೊಡ್ರಿ."

"ಭಾಳ ಚಲೋ ಆತ್ರಿ" ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಅಲ್ಲಿಂದ ಫೋನ್ ಮಾಡ್ತೇನ್ರಿ. ಆ ವಿಷಯ ಮಾತಾಡೂದದ."

ಆ ವಿಷಯ! ಇನ್ನೇನು ಕೈಯಳತೆಯಲ್ಲಿತ್ತು, ಅಲ್ಲೇ ನಿಲ್ಲಿಸಿ ಮಾತಾಡಬಹುದಿತ್ತು. ಆದರೆ ಯಜಮಾನರ ಕಟ್ಟಪ್ಪಣೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಆ ದಿನ ನಾನು ಅಂಗಡಿಯಲ್ಲಿ ಎಷ್ಟು ಓಡಾಡಿದೆನೆಂದರೆ, ನನ್ನ ಫೋನಿನಲ್ಲಿ ಹೆಜ್ಜೆ ಎಣಿಸುವ ಆಪ್ ಇದೆ, ಅದು ಸಂಜೆ ನನ್ನನ್ನು ಅಭಿನಂದಿಸಿತು.

೫. ಮತ್ತ?

ಅವರು ಟೂರಿಗೆ ಹೊರಟ ಐದನೇ ದಿನ, ರವಿವಾರ, ಹನ್ನೊಂದು ಗಂಟೆಗೆ ಫೋನು ಬಂತು. ವಾಟ್ಸ್ಯಾಪ್ ಕಾಲು, ಅದೂ ವಿಡಿಯೋ. ಯಜಮಾನರು ಸೋಫಾದ ಆ ತುದಿಗೆ, ಮಗಳು ಅಡಿಗೆಮನೆಯ ಬಾಗಿಲ ಹಿಂದೆ, ನಾನು ನಡುವೆ.

ನಮ್ಮ ಕಡೆ ಫೋನಿನಲ್ಲಿ ವಿಷಯಕ್ಕೆ ನೇರ ಬರುವುದು ಒರಟುತನ. ಆರಾಮೇನ್ರಿ ಎಂದು ಕೇಳಬೇಕು, ಊಟವಾಯಿತೇ ಎನ್ನಬೇಕು, ಮತ್ತ ಎನ್ನಬೇಕು. ಮತ್ತೇನಿಲ್ಲ ಎಂದು ಉತ್ತರ ಬಂದರೆ ನಾಲ್ಕು ಸೆಕೆಂಡು ಬಿಟ್ಟು ಇನ್ನೊಮ್ಮೆ ಮತ್ತ ಎನ್ನಬೇಕು. ಊರಲ್ಲಿ ಇದಕ್ಕೆ ಖರ್ಚಿಲ್ಲ. ಅವರ ಸಣ್ಣ ಪ್ಯಾಕು ಎಷ್ಟು ನಿಮಿಷದ ವಿಡಿಯೋ ತಡೆಯುತ್ತದೆ ಎಂದು ಇಡೀ ಪುಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆರಾಮದೀರೇನ್ರಿ?"

"ಆರಾಮ್ರಿ. ನೀವು?"

"ಆರಾಮ್ರಿ. ಇಲ್ಲಿ ನೋಡ್ರಿ ಬರ್ಫು" ಎಂದು ಫೋನು ತಿರುಗಿಸಿದರು. ಬೆಟ್ಟ ಬಂತು, ಬಸ್ಸು ಬಂತು, ಅವರ ಯಜಮಾನರ ಮಂಕಿ ಟೋಪಿ ಬಂತು. ವಿಡಿಯೋ ಬಂದ್ ಮಾಡಿ ಎನ್ನಲು ಬಾಯಿಗೆ ಬಂತು. ಆದರೆ ನಿಮ್ಮ ಮುಖ ನೋಡಲು ನಮಗೆ ಇಷ್ಟವಿಲ್ಲ ಎಂದಂತಾಗುತ್ತದಲ್ಲ. ಸುಮ್ಮನೆ ನಕ್ಕೆ. ಟಿಂಗ್ ಎಂದಿತು ಆ ಕಡೆ.

"ಏನೋ ಟಿಂಗ್ ಅಂತದ್ರಿ" ಎಂದರು.

"ಅರ್ಧ ಮುಗೀತು ಅಂತ ಬಂದಿರ್ತದ್ರಿ."

"ಹೌದ್ರಿ, ಟೂರ್ ಅರ್ಧ ಮುಗದಂಗ. ನಾಷ್ಟಾಕ್ಕ ಕಡಕ್ ರೊಟ್ಟಿ ತಂದೇವಿ, ಶೇಂಗಾ ಚಟ್ನಿ ತಂದೇವಿ" ಎಂದು ಡಬ್ಬಿ ತೆರೆದು ಅದನ್ನೂ ವಿಡಿಯೋದಲ್ಲಿ ತೋರಿಸಿದರು. ನಾನು ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಯಜಮಾನರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. ಟಿಂಗ್.

"ಮತ್ತ?" ಎಂದರು ಅಕ್ಕಾರು.

"ಮತ್ತೇನಿಲ್ರಿ."

"ಮತ್ತ?"

"ನೀವ ಹೇಳ್ರಿ."

ಅವರು ಡಬ್ಬಿ ಮುಚ್ಚಿದರು, ಸೆರಗು ಸರಿ ಮಾಡಿಕೊಂಡರು, ಮುಖ ಗಂಭೀರ ಮಾಡಿದರು. ಬಾಗಿಲ ಹಿಂದೆ ಬಳೆ ಸಪ್ಪಳ ನಿಂತಿತು. "ಆ ವಿಷಯ ಹೇಳೂದಂದ್ರ... ನಿಮ್ಮ ಮಗಳು ನಮಗ ಒಪ್ಪಿಗಿ ಆಗಿ..."

ಅಲ್ಲಿಗೆ ನಿಂತಿತು. ಬಾಯಿ ತೆರೆದ ಅಕ್ಕಾರ ಮುಖ ಪರದೆಯ ಮೇಲೆ ಒಂದು ಕ್ಷಣ ಉಳಿದು ಕಪ್ಪಾಯಿತು.

ಕನ್ನಡದಲ್ಲಿ ಹೌದೋ ಅಲ್ಲವೋ ಎನ್ನುವುದನ್ನು ಮಾತಿನ ಬಾಲಕ್ಕೆ ಕಟ್ಟಿಟ್ಟವರು ಯಾರೋ, ಅವರ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ.

"ಆಗಿದಾಳ ಅಂತ ಇರ್ತದ" ಎಂದು ಮಗಳು ಬಾಗಿಲಿನಿಂದ ಈಚೆ ಬಂದಳು.

ಯಜಮಾನರು ತಲೆಯಾಡಿಸಿದರು. "ಬಾಗಲಕೋಟಿಯವರು ಆಗಿದಾಳ ಅನ್ನಂಗಿಲ್ಲ. ಆಗ್ಯಾಳ ಅಂತಾರ. ಆಗಿ ಅಂತ ಬಂತಂದ್ರ ಅದು ಆಗಿಲ್ಲನ."

ಅವರು ಮೂವತ್ತು ವರ್ಷ ಸಾಗಣೆ ಕಂಪನಿಯಲ್ಲಿ ಕ್ಲಾರ್ಕು. ಅವರ ಬಾಯಲ್ಲಿ ಎಂದೂ ವ್ಯಾಕರಣ ಬಂದದ್ದಿಲ್ಲ, ಬಂದದ್ದು ಇಂಥ ಹೊತ್ತಿನಲ್ಲಿ. ಮಗಳು ಒಳಗೆ ಹೋದಳು. ನನಗೆ ಅವರನ್ನು ಅವರ ವ್ಯಾಕರಣದ ಸಮೇತ ಹೊರಗೆ ಹಾಕಬೇಕೆನ್ನಿಸಿತು.

ತಿರುಗಿ ಮಾಡಿದೆ, ಹತ್ತಲಿಲ್ಲ. "ಫೋನ್ ಕಟ್ ಆತ್ರಿ ಅಕ್ಕಾರ" ಎಂದು ಬರೆದು ಹಾಕಿದೆ. ಸಂಜೆ ಹೋಟೆಲಿನ ವೈಫೈ ಸಿಕ್ಕಿತೆಂದು ಕಾಣುತ್ತದೆ, ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಸೋಮವಾರ ಮ್ಯಾನೇಜರನ್ನು ಹಿಡಿದು, ಒಪ್ಪಿಗೆ ಆಗಿ ಎಂದರೆ ಮುಂದೇನು ಬರುತ್ತದಪ್ಪಾ ಎಂದು ಕೇಳಿದೆ. "ಆಗಿದೆ ಅಂತ ಬರುತ್ತೆ ಮೇಡಂ. ಪಾಸಿಟಿವ್ ಆಗಿ ತಗೊಳ್ಳಿ" ಎಂದ. ಅವನದು ಬೆಂಗಳೂರಿನ ಕನ್ನಡ, ನಮ್ಮ ಕೇಸಿಗೆ ನಡೆಯುವುದಿಲ್ಲ.

ಟೂರು ಮುಗಿಸಿ ಅವರು ಬಂದಿಳಿದ ಸುದ್ದಿ ಮಗಳಿಂದಲೇ ತಿಳಿಯಿತು. ಹುಡುಗ ಮೆಸೇಜು ಹಾಕಿದ್ದನಂತೆ: ಅವ್ವ ನಿಮ್ಮ ಮನಿ ಹೆಸರು ತೆಗದ್ರ ಎದ್ದು ಒಳಗ ಹೋಗ್ತಾಳ, ಏನಾಗ್ಯದ ಅಂತ ಹೇಳವಲ್ಲಳು. ಮಗಳು ಅದನ್ನು ಓದಿ ತೋರಿಸಿದಳು. "ನೀ ಏನರ ಅಂದ್ಯಾ ಅವ್ವಾ?" ಎಂದು ಕೇಳಿದಳು. ನಾನು ಮತ್ತೇನಿಲ್ಲ ಎಂದು ಬಿಟ್ಟು ಬೇರೇನೂ ಅಂದಿರಲಿಲ್ಲ.

೬. ಟೋಕನ್ ನಲವತ್ತೊಂದು

ಮೂರನೇ ದಿನ ಗೋಡೆಯ ಮೇಲೆ ಟೋಕನ್ ನಲವತ್ತೊಂದು, ಕೌಂಟರ್ ಮೂರು ಎಂದು ಬಂತು. ಕಾತ್ರಜದ ಅಕ್ಕಾರು ಎದ್ದು ಬಂದು ಎದುರಿಗೆ ಕೂತರು. ಪರಿಚಯದವರಂತೆ ಬರದೆ ಟೋಕನ್ ಹರಿದು, ಸರದಿ ಕಾದು ಬಂದಿದ್ದರು. ಅದರಲ್ಲೇ ನನಗೆ ಎಲ್ಲ ತಿಳಿಯಿತು. ನೀರು ತರಲು ಎದ್ದೆ.

"ಕೂಡ್ರಿ" ಎಂದರು. ಕೂತೆ.

"ನಾನೊಂದು ದೂರು ಕೊಡೂದದ."

"ಯಾರ ಮ್ಯಾಲ್ರಿ?"

"ನಿಮ್ಮ ಮ್ಯಾಲ."

ಫೋನು ತೆಗೆದು ಮೆಸೇಜುಗಳನ್ನು ತೆರೆದು ನನ್ನ ಕಡೆ ತಳ್ಳಿದರು. "ಫೋನ್ ಕಟ್ ಮಾಡೀರಿ, ಇರವಲ್ದ್ಯಾಕ. ಮರುಕ್ಷಣಕ್ಕ ಹಿಂಗ ಬರದು ಕಳಸೂದೇನ್ರಿ? ಆಮ್ಯಾಲ ಕಟ್ ಆತು ಅಂತ ನೀವ ಹೇಳೂದು. ಓದ್ರಿ."

ಓದಿದೆ. ನಾನೇ ಕನ್ನಡಕ್ಕೆ ಬದಲಾಯಿಸಿಕೊಟ್ಟಿದ್ದ ಕಂಪನಿಯ ಮೆಸೇಜು: "ನಿಮ್ಮ ಮಿತಿ ಮುಗಿದಿದೆ. ಮುಂದುವರಿಯಲು ಒಪ್ಪಿಗೆ ಇದ್ದರೆ ಯೆಸ್ ಎಂದು ಕಳಿಸಿ."

ಅದರ ಕೆಳಗೆ ಅಕ್ಕಾರ ಉತ್ತರ: "ಒಪ್ಪಿಗಿ ಅದರಿ. ನಮ್ಮ ಭಾವನವರ ಕಿವಿಗೆ ಒಂದು ಮಾತು ಹಾಕಬೇಕು, ಊರಿಗೆ ಬಂದು ಕೂತು ಮಾತಾಡೂಣ್ರಿ. ಮಗಳಿಗೆ ಆಶೀರ್ವಾದ."

ಕಂಪನಿ: "ನಿಮ್ಮ ಉತ್ತರ ಅಮಾನ್ಯವಾಗಿದೆ. ಯೆಸ್ ಅಥವಾ ನೋ ಎಂದು ಮಾತ್ರ ಕಳಿಸಿ."

ಅಕ್ಕಾರು: "ನಮ್ಮಿಂದೇನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಮಗ ಏನೂ ಬ್ಯಾಡ. ಹುಡುಗಿ ಒಬ್ಬಾಕಿ ಬಂದ್ರ ಸಾಕು."

ಕಂಪನಿ: "ನಿಮ್ಮ ಉತ್ತರ ಅಮಾನ್ಯವಾಗಿದೆ. ನಿಗದಿತ ಸಮಯ ಮೀರಿದ ಕಾರಣ ಸಂಪರ್ಕವನ್ನು ಕಡಿತಗೊಳಿಸಲಾಗಿದೆ. ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದಗಳು."

"ಏನ ಬಂದ್ರೂ ನಾನ ಕಳಿಸೇನಿ ಅಂತ ತಿಳೀರಿ ಅಂತ ನೀವ ಹೇಳಿದ್ರಿ" ಎಂದರು. "ನಾನು ಬರ್ಫಿನ್ಯಾಗ ನಿಂತು ಕೈಗವಸು ತಗದು ಒಂದೊಂದ ಅಕ್ಷರ ಒತ್ತೇನ್ರಿ. ಅದಕ್ಕ ಅಮಾನ್ಯ ಅಂತೀರಲ್ಲ."

ನಾನು ಬೋರ್ಡಿನತ್ತ ಬೆರಳು ಮಾಡಿದೆ. ಕಂಪನಿಯ ಹೆಸರು ತೋರಿಸಿದೆ, ಮೆಸೇಜಿನ ತಲೆಯ ಮೇಲಿದ್ದ ಅದೇ ಹೆಸರು ತೋರಿಸಿದೆ. ಯಂತ್ರ ಕಳಿಸಿದ್ದು ಅಕ್ಕಾರ, ನಿಯಮ ಹಂಗದ, ಪ್ಯಾಕು ಮುಗಿದರೆ ಒಪ್ಪಿಗೆ ಕೇಳುತ್ತದೆ ಎಂದೆಲ್ಲ ಏನೇನೋ ತೊದಲಿದೆ. ಹುಡುಗಿ ಒಬ್ಬಾಕಿ ಬಂದ್ರ ಸಾಕು ಎನ್ನುವ ಸಾಲಿನ ಮೇಲೇ ಕಣ್ಣು ನಿಂತುಬಿಟ್ಟಿತ್ತು. ಅದು ನನಗೆ ಬರೆದದ್ದು, ಯಂತ್ರ ಓದಿತ್ತು. ಅಂಗಡಿ ತುಂಬ ಗಿರಾಕಿಗಳಿದ್ದರೂ ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕಾರು ಮೆಸೇಜುಗಳನ್ನು ಮೇಲಿನಿಂದ ಇನ್ನೊಮ್ಮೆ ಓದಿದರು. ಅವರ ಹೆಗಲು ಕುಣಿಯತೊಡಗಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಂದ್ರ ಇಷ್ಟು ದಿನ ನಾನು ಕಂಪನೀಕೂಡ ಬೀಗತನ ಮಾಡಾಕ ಹತ್ತಿದ್ದೆನೇನ್ರಿ?"

"ಅಕ್ಕಾರ, ಅವತ್ತು ಫೋನಿನ್ಯಾಗ ಏನ ಅನ್ನಾಕ ಹತ್ತಿದ್ರಿ? ಒಪ್ಪಿಗಿ ಆಗಿ, ಅದರ ಮುಂದ?"

"ಒಪ್ಪಿಗಿ ಆಗಿ ಭಾಳ ದಿನ ಆತು, ನೀವ ಕೇಳವಲ್ರಿ ಅಂತ ಹೇಳಾಕ ಹತ್ತಿದ್ದೆ" ಎಂದರು.

ಇಡೀ ಮನೆ ಹತ್ತು ದಿನ ಆಗಿದಾಳ, ಆಗಿಲ್ಲ ಎಂದು ಜಗ್ಗಾಡಿದ್ದೆವು. ಈ ಬಾಲ ಯಾರಿಗೂ ಹೊಳೆದಿರಲಿಲ್ಲ. ನಾನು ಎದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ. ಮಗಳಿಗೆ ಫೋನು ಮಾಡಿ ಅಷ್ಟನ್ನೇ ಹೇಳಿದೆ. ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ ಬಂತು. ಮ್ಯಾನೇಜರು ದೂರದಿಂದ ಹೆಬ್ಬೆರಳು ತೋರಿಸಿ "ಪಾಸಿಟಿವ್ ಅಂದಿರ್ಲಿಲ್ವಾ ಮೇಡಂ" ಎಂದ.

ಅಕ್ಕಾರಿಗೆ ಉತ್ಸಾಹ ಬಂದುಬಿಟ್ಟಿತ್ತು. "ಬಾಕಿ ಯಾಕ ಇಡೂದ್ರಿ. ಅದು ಯೆಸ್ ಅಂತ ಕೇಳ್ಯದ, ಈಗ ಕಳಿಸಿಬಿಡ್ತೇನಿ" ಎಂದರು.

ಪುಣೆಯಲ್ಲಿ ಕೂತು ಯುರೋಪಿನ ರೋಮಿಂಗಿಗೆ ಯೆಸ್ ಎನ್ನಬಾರದು ಎಂದು ಹೇಳಬೇಕಾದದ್ದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಕೆಲಸ ಮರೆತೆ. "ಕಳಸ್ರಿ, ಕಳಸ್ರಿ" ಎಂದೆ. ಕಳಿಸಿದರು. ಟಿಂಗ್ ಎಂದಿತು. ಅಕ್ಕಾರು ಕನ್ನಡಕ ಏರಿಸಿಕೊಂಡು, ಸುತ್ತಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು:

"ನಿಮ್ಮ ಒಪ್ಪಿಗೆಯನ್ನು ಸ್ವೀಕರಿಸಲಾಗಿದೆ. ಮನಸ್ಸು ಬದಲಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ನೋ ಎಂದು ಕಳಿಸಿ ರದ್ದುಪಡಿಸಬಹುದು."

ನಾನು ಫೋನನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ, ನನ್ನ ಡ್ರಾವರಿನಲ್ಲಿಟ್ಟೆ, ಕೀಲಿ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನಾಳೆ ಇದೇ ಹೊತ್ತಿಗೆ ಬಂದು ಒಯ್ರಿ, ಬೀಗತಿ" ಎಂದೆ.